ಡಿಸೆಂಬರ್‌ನಲ್ಲಿ ಕ್ಯಾಂಪರ್ ವ್ಯಾನ್‌ನಲ್ಲಿ ಕೊಡಗು: ಬ್ಯಾಟರಿ ಬೆಳಗಿನವರೆಗೆ ಬರುತ್ತಿಲ್ಲ, ರಾತ್ರಿ ಎಲ್ಲಿ ನಿಲ್ಲಿಸಬೇಕು?

ಮೈಸೂರು_ಟ್ರಾವೆಲರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಟ್ರಾವೆಲರ್ ಗಾಡಿ. ಕ್ಯಾಂಪರ್ ವ್ಯಾನ್ ಮಾಡಿಸಿದ್ದೇವೆ, ಆರ್‌ಟಿಒ ಕಾಗದಪತ್ರ ಎಲ್ಲ ಸರಿಯಾಗಿದೆ. ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮ ಅತ್ತೆ. ಡಿಸೆಂಬರ್ ಕೊನೆಯ ವಾರ ಮೂರು ರಾತ್ರಿ ಕೊಡಗಿನಲ್ಲಿ ಇರಬೇಕು ಅಂತಿದೆ. ಮೊದಲ ರಾತ್ರಿ ಹಾರಂಗಿ ಹಿನ್ನೀರು, ಎರಡನೆಯದು ಚಿಕ್ಲಿಹೊಳೆ ಜಲಾಶಯ, ಮೂರನೆಯದು ಬೆಟ್ಟದ ಮೇಲಿನ ಮಾಂದಲ್‌ಪಟ್ಟಿ. ವಾಪಸ್ ಕುಟ್ಟ, ನಾಗರಹೊಳೆ, ಹುಣಸೂರು ದಾರಿ.

ಸಮಸ್ಯೆ ಏನಂದರೆ, ಹೊರಡುವ ಮೊದಲು ನೋಡೋಣ ಅಂತ ಪರಿಚಯದವರ ಮಾವಿನ ತೋಪಿನಲ್ಲಿ ಒಂದು ರಾತ್ರಿ ನಿಲ್ಲಿಸಿದ್ದೆವು. ಬೆಳಗಿನ ಜಾವ ಇನ್ವರ್ಟರ್ ಬೀಪ್ ಹೊಡೆದು ಆಫ್ ಆಯಿತು. 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ, ಮನೆಯ ಇನ್ವರ್ಟರ್‌ಗೆ ಹಾಕುವಂಥದ್ದು, ಮೇಲೆ 300 ವ್ಯಾಟ್ ಸೋಲಾರ್. 12 ವೋಲ್ಟ್ ಫ್ರಿಜ್, ಎರಡು ಫ್ಯಾನ್, ಇಂಡಕ್ಷನ್ ಒಲೆ ಇವೆ. ಬ್ಯಾಟರಿ ಹೊಸದು. ಅತ್ತೆಯ ಇನ್ಸುಲಿನ್ ಫ್ರಿಜ್‌ನಲ್ಲಿರುತ್ತದೆ, ಅದು ನಿಲ್ಲುವ ಹಾಗಿಲ್ಲ. ಇನ್ನೊಂದು ಬ್ಯಾಟರಿ ಹಾಕಿಸಬೇಕಾ?

ವೈರಿಂಗ್_ಹಾಸನ:
ಸರ್, ಬ್ಯಾಟರಿ ತರುವ ಮೊದಲು ಎರಡು ವಿಷಯ ಹೇಳಿ. ಆ ರಾತ್ರಿ ಇಂಡಕ್ಷನ್ ಎಷ್ಟು ಹೊತ್ತು ಉರಿಸಿದಿರಿ? ಗಾಡಿ ಓಡುವಾಗ ಒಳಗಿನ ಬ್ಯಾಟರಿಗೆ ಚಾರ್ಜ್ ಹೇಗೆ ಬರುತ್ತದೆ?

ಮೈಸೂರು_ಟ್ರಾವೆಲರ್:
ಅನ್ನ, ಸಾರು, ಮಕ್ಕಳಿಗೆ ಹಾಲು ಎಲ್ಲ ಸೇರಿ ಮುಕ್ಕಾಲು ಗಂಟೆಗೆ ಸ್ವಲ್ಪ ಕಮ್ಮಿ. 1,500 ವ್ಯಾಟ್‌ನಲ್ಲಿ ಇಟ್ಟಿದ್ದೆವು. ಓಡುವಾಗ ಒಂದು ರಿಲೇ (ತಾನಾಗಿ ಆನ್ ಆಗುವ ಸ್ವಿಚ್) ಮೂಲಕ ಇಂಜಿನ್ ಬ್ಯಾಟರಿಯಿಂದ ಬರುತ್ತದೆ. ಕೇಬಲ್ ತೆಳ್ಳಗೇ ಇದೆ. ಗಾಡಿ ಬಿಎಸ್ 6.

ವೈರಿಂಗ್_ಹಾಸನ:
ಹಾಗಾದರೆ ಬ್ಯಾಟರಿ ಕೆಟ್ಟಿಲ್ಲ. 1,500 ವ್ಯಾಟ್ ಒಲೆ 40 ನಿಮಿಷ ಉರಿದರೆ 1,000 ವ್ಯಾಟ್-ಅವರ್. ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ 12 ವೋಲ್ಟ್ ಬ್ಯಾಟರಿಯಿಂದ ಹತ್ತಿರ ಹತ್ತಿರ 100 ಎಎಚ್ ಹೋಯಿತು. ಟ್ಯೂಬ್ಯುಲರ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ನಿಮ್ಮ ಕೈಯಲ್ಲಿ ಇರುವುದೇ 75. ಒಂದೇ ಸಲ ಜಾಸ್ತಿ ಕರೆಂಟ್ ಎಳೆದರೆ ಅಷ್ಟೂ ಸಿಗುವುದಿಲ್ಲ. ರಾತ್ರಿ ಅಡುಗೆಗೇ ಖಾಲಿಯಾಗಿದೆ. ಉಳಿದ ಚೂರುಪಾರು ಫ್ರಿಜ್ ತಿಂದಿದೆ.

ಅಡುಗೆ ಗ್ಯಾಸಿಗೆ ಬದಲಾಯಿಸಿ. ಆಮೇಲೆ ಲೆಕ್ಕ ನೋಡಿ: ಫ್ರಿಜ್‌ಗೆ ದಿನಕ್ಕೆ 45-50 ಎಎಚ್, ಲೈಟು, ಪಂಪು, ಫೋನ್ ಚಾರ್ಜ್‌ಗೆ ಇನ್ನೊಂದು 10. ಡಿಸೆಂಬರ್‌ನಲ್ಲಿ ಕೊಡಗಿನ ರಾತ್ರಿಗೆ ಫ್ಯಾನ್ ಬೇಡವೇ ಬೇಡ. ಒಂದೇ ಬ್ಯಾಟರಿ ಸಾಕು.

ಎರಡನೇ ಬ್ಯಾಟರಿಯ ದುಡ್ಡನ್ನು 20 ಆಂಪಿಯರ್ ಡಿಸಿ-ಡಿಸಿ ಚಾರ್ಜರ್‌ಗೆ ಹಾಕಿ. ಬಿಎಸ್ 6 ಗಾಡಿಗಳಲ್ಲಿ ಎಷ್ಟೋ ಸಲ ಆಲ್ಟರ್ನೇಟರ್ (ಇಂಜಿನ್‌ನ ಡೈನಮೋ) ವೋಲ್ಟೇಜ್ ತಾನಾಗಿ ಇಳಿಯುತ್ತದೆ, ರಿಲೇ ಇದ್ದರೂ ಒಳಗಿನ ಬ್ಯಾಟರಿ ತುಂಬುವುದಿಲ್ಲ. ಈ ಚಾರ್ಜರ್ ಆ ವೋಲ್ಟೇಜನ್ನು ಬೇಕಾದಷ್ಟು ಏರಿಸಿ ಕೊಡುತ್ತದೆ. ಕೇಬಲ್ 16 ಸ್ಕ್ವೇರ್ ಎಂಎಂ ಹಾಕಿಸಿ, ಎರಡೂ ತುದಿಗೆ ಫ್ಯೂಸ್ ಇರಲಿ. ಎರಡು ಗಂಟೆ ಓಡಿದರೆ 30-40 ಎಎಚ್ ವಾಪಸ್ ಬರುತ್ತದೆ. ಇನ್ನೊಂದು ಮುಖ್ಯ ವಿಷಯ: ಟ್ಯೂಬ್ಯುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಜಾಗದಿಂದ ಬೇರೆಯಾದ ಪೆಟ್ಟಿಗೆಯಲ್ಲಿಟ್ಟು, ಗಾಳಿ ಹೊರಗೆ ಹೋಗಲು ಪೈಪ್ ಕೊಡಿ. ತಿರುವಿನಲ್ಲಿ ಅಲುಗಾಡದ ಹಾಗೆ ಬಿಗಿಯಾಗಿ ಕಟ್ಟಿ.

ಸುಂಟಿಕೊಪ್ಪ_ತೋಟ:
ಬ್ಯಾಟರಿ ಸರಿಹೋಗುತ್ತದೆ ಬಿಡಿ. ನನಗೆ ಚಿಂತೆ ಆಗಿದ್ದು ನೀವು ಬರೆದಿರುವ ಮೂರು ಜಾಗ ನೋಡಿ. ಮೂರೂ ಕಡೆ ರಾತ್ರಿ ನಿಲ್ಲಲು ಆಗುವುದಿಲ್ಲ. ಕೊಡಗಿಗೆ ಗಾಡಿ ತರುವವರು ಮೊದಲು ರಾತ್ರಿಯ ಜಾಗ ಗಟ್ಟಿ ಮಾಡಿಕೊಳ್ಳಬೇಕು. ನೋಡುವ ಜಾಗಗಳನ್ನು ಅದರ ಸುತ್ತ ಜೋಡಿಸಿಕೊಳ್ಳಬಹುದು.

ಹಾರಂಗಿಯಲ್ಲಿ ಅಣೆಕಟ್ಟು, ಉದ್ಯಾನ ನೋಡಿ ಸಂಜೆ ಹೊರಡಿ. ಹಿನ್ನೀರಿನ ದಡಕ್ಕೆ ಗಾಡಿ ಇಳಿಸಲೇಬೇಡಿ. ನೀರು ಇಳಿದ ಕಡೆ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೆಳಗೆ ಕೆಸರೇ ಇರುತ್ತದೆ. ನಿಮ್ಮ ತೂಕದ ಗಾಡಿ ಹೂತರೆ ಟ್ರ್ಯಾಕ್ಟರ್ ತರಿಸಬೇಕು. ಚಿಕ್ಲಿಹೊಳೆ ತುಂಬ ಚೆಂದ, ಸೂರ್ಯ ಮುಳುಗುವಾಗ ಮಕ್ಕಳಿಗೆ ತೋರಿಸಿ. ಆದರೆ ಪಕ್ಕದಲ್ಲೇ ಮೀನುಕೊಲ್ಲಿ ಕಾಡು. ಕತ್ತಲಾದ ಮೇಲೆ ಅಲ್ಲಿ ನೀರಿಗೆ ಬರುವುದು ಆನೆ. ಮಾಂದಲ್‌ಪಟ್ಟಿ ಪುಷ್ಪಗಿರಿ ವನ್ಯಧಾಮದ ಜಾಗ, ರಾತ್ರಿ ಇರಲು ಬಿಡುವುದಿಲ್ಲ. ಕೊನೆಯ ದಾರಿ ನಿಮ್ಮ ಗಾಡಿಗಲ್ಲ. ವ್ಯಾನ್ ಕೆಳಗೆ ಬಿಟ್ಟು ಬಾಡಿಗೆ ಜೀಪಿನಲ್ಲಿ ಹೋಗಿ ಬನ್ನಿ.

ಇರಬೇಕಾದ್ದು ತೋಟದ ಹೋಂಸ್ಟೇ ಅಂಗಳದಲ್ಲಿ. ಗಾಡಿ ನಿಲ್ಲಿಸಲು, ಒಂದು ಪ್ಲಗ್ ಕೊಡಲು, ಬಚ್ಚಲು ಬಳಸಲು ಮೊದಲೇ ಮಾತಾಡಿದರೆ ಒಪ್ಪುವವರು ಸಿಗುತ್ತಾರೆ. ಬೇರೆ ತಿಂಗಳಾದರೆ ಕಾಫಿ ಕಣದಲ್ಲಿ ನಿಲ್ಲಿಸಿ ಅನ್ನುತ್ತಿದ್ದೆ. ಸಮತಟ್ಟು, ಬಯಲು, ಪೂರ್ತಿ ಬಿಸಿಲು. ಆದರೆ ನೀವು ಬರುವ ಹೊತ್ತಿಗೆ ಅರೇಬಿಕಾ ಕೊಯ್ಲು ಜೋರಾಗಿರುತ್ತದೆ. ಕಣದ ತುಂಬ ಕಾಫಿ ಹರಡಿರುತ್ತಾರೆ, ಅಲ್ಲಿ ಚಕ್ರ ಇಡುವ ಮಾತೇ ಇಲ್ಲ. ಉಳಿದ ಜಾಗವೆಲ್ಲ ಸಿಲ್ವರ್ ಓಕ್ ನೆರಳು. ಸೋಲಾರ್ ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಅದರ ಶಕ್ತಿ ತುಂಬ ಇಳಿಯುತ್ತದೆ. ಆದ್ದರಿಂದ ಈ ಸಲ ಸೋಲಾರನ್ನು ಲೆಕ್ಕದಿಂದಲೇ ತೆಗೆದುಬಿಡಿ. ಹಗಲು ಗಾಡಿ ಓಡಿದ್ದು, ರಾತ್ರಿ ಪ್ಲಗ್, ಎರಡೇ. ಸಂಜೆ ವೋಲ್ಟೇಜ್ ಕಮ್ಮಿಯಾಗುತ್ತದೆ, ಕರೆಂಟೂ ಹೋಗಬಹುದು. ಹಾಗಾಗಿ ಮಧ್ಯಾಹ್ನವೇ ಬಂದು ಚಾರ್ಜರ್ ಹಾಕಿಬಿಡಿ.

ನೀವು ಬರುವ ಹೊತ್ತು ಭತ್ತದ ಕೊಯ್ಲೂ ಇರುತ್ತದೆ. ಗದ್ದೆಗೆ ಬಂದ ಆನೆ ಹಗಲು ತೋಟದೊಳಗೇ ನಿಲ್ಲುವುದುಂಟು. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ಇದು ದಿನನಿತ್ಯದ ವಿಷಯ. ಬಾಳೆಹಣ್ಣು, ಅಕ್ಕಿ, ಉಪ್ಪು ಗಾಡಿಯ ಹೊರಗೆ ಇಡಬೇಡಿ. ಕತ್ತಲಾದ ಮೇಲೆ ಮಕ್ಕಳನ್ನು ತೋಟದ ದಾರಿಗೆ ಬಿಡಬೇಡಿ. ಆನೆ ಓಡಾಡುತ್ತಿದೆ ಅಂತ ಮನೆಯವರು ಹೇಳಿದರೆ ಬೆಳಗಾಗುವವರೆಗೆ ಕೆಳಗಿಳಿಯಬೇಡಿ. ತೋಟದ ಕಾರ್ಮಿಕರು ಇದರಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗೋಣಿಕೊಪ್ಪ_ಅಕ್ಕ:
ಅಣ್ಣ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಕೊಡವರ ಸುಗ್ಗಿ ಹಬ್ಬ ಪುತ್ತರಿ ಕೆಲವು ವರ್ಷ ನವೆಂಬರ್ ಕೊನೆಗೆ, ಕೆಲವು ವರ್ಷ ಡಿಸೆಂಬರ್‌ನಲ್ಲಿ ಬರುತ್ತದೆ. ನಿಮ್ಮ ದಿನಕ್ಕೆ ಹತ್ತಿರ ಇದೆಯಾ ನೋಡಿಕೊಳ್ಳಿ. ಆ ಹೊತ್ತಿಗೆ ಕೊಡವ ಕುಟುಂಬದವರು ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ ಹೋಗಿರುತ್ತಾರೆ, ಹೋಂಸ್ಟೇಯಲ್ಲಿ ಸಿಗಲಿಕ್ಕಿಲ್ಲ.

ವಾಪಸ್ ದಾರಿಯಲ್ಲಿ ನಾಗರಹೊಳೆ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಒಳಗೆ ಹೋದ ಮೇಲೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಕುಟ್ಟದ ಹತ್ತಿರ ಇರ್ಪು ಜಲಪಾತ ನೋಡುವುದಿದ್ದರೆ ಬೆಳಿಗ್ಗೆಯೇ ನೋಡಿ ಮುಗಿಸಿ, ಮಧ್ಯಾಹ್ನ ಗೇಟ್ ದಾಟಿ. ತಡವಾದರೆ ಗೋಣಿಕೊಪ್ಪ, ತಿತಿಮತಿ, ಹುಣಸೂರು ಕಡೆ ತಿರುಗಿಕೊಳ್ಳಿ. ಅದೂ ಕಾಡಿನ ದಾರಿಯೇ, ಬೆಳಕಿರುವಾಗಲೇ ದಾಟಿದರೆ ಒಳ್ಳೆಯದು.

ಮೈಸೂರು_ಟ್ರಾವೆಲರ್:
ತುಂಬ ಉಪಕಾರ ಆಯಿತು. ಮೂರೂ ರಾತ್ರಿ ಸುಂಟಿಕೊಪ್ಪ ಕಡೆ ಒಂದೇ ತೋಟದಲ್ಲಿ ಇದ್ದು ಹಗಲು ಸುತ್ತಿದರೆ ಹೇಗೆ? ತಲಕಾವೇರಿಗೆ ವ್ಯಾನ್ ಹೋಗುತ್ತದಾ? ಚಳಿ ಜಾಸ್ತಿಯಾದರೆ ಒಳಗೆ ಕೆಂಡ ಇಟ್ಟುಕೊಳ್ಳಬಹುದಾ ಅಂತ ಅತ್ತೆ ಕೇಳುತ್ತಿದ್ದಾರೆ.

ವೈರಿಂಗ್_ಹಾಸನ:
ಕೆಂಡ ಬೇಡವೇ ಬೇಡ ಸರ್. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ವಾಸನೆ ಬರುವುದಿಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸ್ ಒಲೆಯನ್ನೂ ಬೆಚ್ಚಗಿರಲಿ ಅಂತ ಉರಿಸಬೇಡಿ. ಅತ್ತೆಗೆ ಒಂದು ಕಂಬಳಿ ಜಾಸ್ತಿ ಇಟ್ಟುಕೊಳ್ಳಿ. 5 ಕೆಜಿ ಸಿಲಿಂಡರ್ ಸಾಕು. ತಳದಲ್ಲಿ ಗಾಳಿಗೆ ತೂತಿರುವ ಪೆಟ್ಟಿಗೆಯಲ್ಲಿಡಿ, ಓಡುವಾಗ ರೆಗ್ಯುಲೇಟರ್ ಬಂದ್ ಮಾಡಿ. ಇನ್ಸುಲಿನ್ ಹೆಪ್ಪುಗಟ್ಟಬಾರದು, ಫ್ರಿಜ್‌ನ ತಣ್ಣನೆಯ ತಟ್ಟೆಗೆ ತಾಗದ ಹಾಗೆ ಇಡಿ.

ಸುಂಟಿಕೊಪ್ಪ_ತೋಟ:
ಒಂದೇ ಕಡೆ ಇರುವುದು ಒಳ್ಳೆಯ ಯೋಚನೆ. ಹಾರಂಗಿ, ಚಿಕ್ಲಿಹೊಳೆ, ಮಡಿಕೇರಿ ಎಲ್ಲ ಹತ್ತಿರ. ಡಿಸೆಂಬರ್ ಕೊನೆಯಲ್ಲಿ ಮಡಿಕೇರಿ ಪೇಟೆಯಲ್ಲಿ ಉದ್ದ ಗಾಡಿಗೆ ಪಾರ್ಕಿಂಗ್ ಸಿಗುವುದು ಕಷ್ಟ, ಅಲ್ಲಿಗೆ ಬಸ್ಸಿನಲ್ಲೇ ಹೋಗಿ. ತಲಕಾವೇರಿಗೆ ಬಸ್ ಹೋಗುತ್ತದೆ, ನಿಮ್ಮ ಗಾಡಿಯೂ ಹೋಗುತ್ತದೆ. ಭಾಗಮಂಡಲದಿಂದ ಮೇಲೆ ಏರು ಜೋರು, ಇಳಿಯುವಾಗ ಸೆಕೆಂಡ್ ಗೇರ್‌ನಲ್ಲಿ ಇಳಿಸಿ. ಪಾತ್ರೆ ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ಇಲ್ಲಿನ ತೋಡುಗಳೆಲ್ಲ ಹರಿದು ಸೇರುವುದು ಕಾವೇರಿಗೆ. ಎಲ್ಲಿ ಚೆಲ್ಲಬೇಕು ಅಂತ ಮನೆಯವರನ್ನು ಕೇಳಿ.

ತೋಟದವರಿಗೆ ಫೋನ್ ಮಾಡುವಾಗ ಗಾಡಿಯ ಉದ್ದ, ಮೇಲಿನ ಪ್ಯಾನೆಲ್ ಸೇರಿಸಿ ಎತ್ತರ, ಎರಡನ್ನೂ ಅಳೆದು ಹೇಳಿ. ಗೇಟಿನಿಂದ ಅಂಗಳದವರೆಗೆ ಎಲ್ಲಾದರೂ ಕರೆಂಟ್ ತಂತಿ ಜೋತು ಬಿದ್ದಿದೆಯಾ, ತಿರುಗಿಸಲು ಜಾಗ ಇದೆಯಾ ಕೇಳಿ, ಫೋಟೋ ತರಿಸಿಕೊಳ್ಳಿ. ಕೊಯ್ಲಿನ ಸಮಯದಲ್ಲಿ ಕಾಫಿ ಮೂಟೆ ಹೊರುವ ಪಿಕಪ್, ಟ್ರ್ಯಾಕ್ಟರ್ ಬೆಳಿಗ್ಗೆಯಿಂದ ಓಡಾಡುತ್ತಿರುತ್ತವೆ, ಅವುಗಳ ದಾರಿಗೆ ಅಡ್ಡವಾಗದ ಜಾಗವನ್ನೇ ಕೇಳಿ.