ಆಹಾರ ಪರೀಕ್ಷೆಯ ಫಲಕಕ್ಕೆ ‘ಪಿಷ್ಟ’ವೋ ‘ಗಂಜಿ’ಯೋ? (ತುರ್ತು)

ಗೆಳೆಯರೇ,
ನಾಳೆ ನಮ್ಮ ಶಾಲೆಯ ವಿಜ್ಞಾನ ಮೇಳ. ಫಲಕ ಬರೆಯುವವರು ಸಂಜೆಯೊಳಗೆ ಬರಹ ಕೇಳಿದ್ದಾರೆ. ಹೆಚ್ಚಿದ ಆಲೂಗಡ್ಡೆಯ ಮೇಲೆ ಎರಡು ಹನಿ ಅಯೋಡಿನ್ ಬಿಟ್ಟರೆ ಕಡುನೀಲಿಯಾಗುತ್ತದಲ್ಲ, ಹಾಗೆ ನೀಲಿಯಾಗುವ ವಸ್ತುವಿಗೆ ಪಠ್ಯದಲ್ಲಿ ‘ಪಿಷ್ಟ’ ಎಂದಿದೆ. ನೋಡಲು ಬರುವ ತಂದೆತಾಯಂದಿರಿಗೆ ತಿಳಿಯುವಂತೆ ‘ಗಂಜಿ’ ಎನ್ನಬಹುದೇ? ಕಡಲೇಕಾಯಿ ಉಜ್ಜಿದ ಕಾಗದದ ಎಣ್ಣೆ ಕಲೆಗೆ ‘ಅರೆಪಾರದರ್ಶಕ’ ಬಿಟ್ಟು ಬೇರೆ ಪದವಿದೆಯೇ?

ಉತ್ತರ 1
ಧಾರಾಳವಾಗಿ ‘ಗಂಜಿ’ ಎನ್ನಿ. ಖಾದಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವವರಿಗೆ ಅದೇನೆಂದು ಚೆನ್ನಾಗಿ ಗೊತ್ತು. ಕಲೆಗೆ ‘ಬೆಳಕು ಹಾಯುವ’ ಸಾಕು. ಪಿಷ್ಟ, ಪಾರದರ್ಶಕ ಎಲ್ಲ ಮಕ್ಕಳ ಬಾಯಿಗೆ ತುರುಕಿದ ಸಂಸ್ಕೃತ.

ಉತ್ತರ 2
ಒಪ್ಪಲಾರೆ. ಗಂಜಿ ಎಂದರೆ ಬೇಯಿಸಿದ್ದು. ಹಸಿ ಆಲೂಗಡ್ಡೆಯಲ್ಲಿ ಎಲ್ಲಿಯ ಗಂಜಿ? ‘ಪಿಷ್ಟ’ ಪಿಷ್ ಧಾತುವಿನದು, ಅರೆದದ್ದು ಎಂದರ್ಥ. ನಮ್ಮ ‘ಹಿಟ್ಟು’ ಅದರದೇ ತದ್ಭವ. ಗಂಜಿಯೂ ಸಂಸ್ಕೃತದ ಕಾಂಜಿಕವೇ.

ಉತ್ತರ 1
ಉಲ್ಟಾ. ತಮಿಳಿನಲ್ಲಿ ಕಂಜಿ, ತೆಲುಗಿನಲ್ಲಿ ಗಂಜಿ. ಸಂಸ್ಕೃತ ನಮ್ಮಿಂದ ಪಡೆದದ್ದು. ಪಿಷ್ಟ ಅರೆದದ್ದಾದರೆ ಹಸಿ ಗಡ್ಡೆಯೊಳಗೆ ಅದನ್ನು ಅರೆದಿಟ್ಟವರು ಯಾರು?

ಉತ್ತರ 3
ರಸಾಯನಶಾಸ್ತ್ರ ಕಲಿಸುವವಳಾಗಿ ಒಂದು ಮಾತು: ‘ಹಿಟ್ಟು’ ಮಾತ್ರ ಬೇಡ. ಕಡಲೆಹಿಟ್ಟಿಗೆ ಅಯೋಡಿನ್ ಹಾಕಿದರೆ ನೀಲಿ ಬರುತ್ತದೆ. ಅದೇ ಹಿಟ್ಟನ್ನು ನೀರಲ್ಲಿ ಕದಡಿ ಮೈಲುತುತ್ತದ (ಕಾಪರ್ ಸಲ್ಫೇಟ್) ದ್ರಾವಣ, ಕಾಸ್ಟಿಕ್ ಸೋಡಾ ಹಾಕಿದರೆ ಪ್ರೋಟೀನಿನ ನೇರಳೆ ಬರುತ್ತದೆ. ಹಿಟ್ಟು ಒಂದೇ, ಒಳಗಿರುವ ವಸ್ತುಗಳು ಬೇರೆ. ಅಯೋಡಿನ್ ಗುರುತಿಸುವುದು ಪಿಷ್ಟವನ್ನು. ಪಿಷ್ಟದಲ್ಲಿರುವ ಅಮೈಲೋಸ್ ಎಂಬ ಉದ್ದ ಅಣುವಿನ ಸುರುಳಿಯೊಳಗೆ ಅಯೋಡಿನ್ ಹೊಕ್ಕಾಗ ಆ ನೀಲಿ. ಕುದಿಯುವ ಗಂಜಿಗೆ ಹಾಕಿದರೆ ಬಣ್ಣ ನಿಲ್ಲುವುದಿಲ್ಲ, ತಣ್ಣಗಾದ ಮೇಲೆ ಹಾಕಿ.

ಫಲಕದಲ್ಲಿ ‘ಪಿಷ್ಟ’ ದಪ್ಪಕ್ಷರದಲ್ಲಿರಲಿ, ಕೆಳಗೆ ‘ಬಟ್ಟೆಗೆ ಹಾಕುವ ಗಂಜಿಯಲ್ಲಿರುವುದು ಇದೇ’ ಎಂದು ಬರೆಸಿ. ‘ಬೆಳಕು ಹಾಯುವ ಕಲೆ’ ಚೆನ್ನಾಗಿದೆ. ಆದರೆ ಕಾಗದ ಒಣಗಿದ ಮೇಲೆ ನೋಡಬೇಕೆಂದು ಸೇರಿಸಿ, ನೀರಿನ ಕಲೆಯೂ ಮೊದಲು ಹಾಗೇ ಕಾಣುತ್ತದೆ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಉತ್ತರ 1
‘ಮೈಲುತುತ್ತ’ ಎಂದಿರಲ್ಲ, ಸಂತೋಷ. ಅಡಿಕೆಗೆ ಅದನ್ನು ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಪ್ರತಿ ರೈತನ ಬಾಯಲ್ಲಿರುವ ಪದ. ಫಲಕದಲ್ಲೂ ಅದೇ ಬರಲಿ, ಕಾಪರ್ ಸಲ್ಫೇಟ್ ಬೇಡ.

ಉತ್ತರ 2
ತುತ್ತವೂ ಸಂಸ್ಕೃತದ ತುತ್ಥವೇ. ಎರವಲು ಬೇಡವೆಂದರೆ ಅದನ್ನೂ ಬಿಡಿ.

ಉತ್ತರ 1
ಜನ ಬಾಯಲ್ಲಿ ತಿದ್ದಿ ಬಳಸಿದ ಎರವಲು ನಮ್ಮದೇ. ಪುಸ್ತಕದಿಂದ ಹೇರಿದ್ದಕ್ಕೆ ನನ್ನ ತಕರಾರು.

ಕೇಳಿದವರಿಂದ
ಮೇಲೆ ಪಿಷ್ಟ, ಕೆಳಗೆ ಗಂಜಿ, ಜೊತೆಗೆ ಮೈಲುತುತ್ತ. ಬರಹ ಕಳಿಸಿಯಾಯಿತು. ಎಲ್ಲರಿಗೂ ವಂದನೆ.