ಆಟ ಚೆನ್ನಾಗಿತ್ತಾ, ನಾವು ಚಿಕ್ಕವರಾಗಿದ್ದೆವಾ?

ಟೇಪ್‌ರಾಯ:
ಹೊಸ ಗೇಮ್ ಒಂದನ್ನು ಡೌನ್‌ಲೋಡ್‌ಗೆ ಹಾಕಿದ್ದೆ. ನೂರು ಜಿಬಿಗೂ ಜಾಸ್ತಿ. ಅದು ಇಳಿಯುವವರೆಗೆ ಸುಮ್ನೆ ಕೂರುವುದೇಕೆ ಅಂತ ಎಮ್ಯುಲೇಟರ್‌ನಲ್ಲಿ (ಹಳೆಯ ಕಂಪ್ಯೂಟರ್‌ನಂತೆ ನಟಿಸುವ ಸಾಫ್ಟ್‌ವೇರ್) ಮ್ಯಾನಿಕ್ ಮೈನರ್ ಹಾಕಿದೆ. 1983ರ ಆಟ, ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಆಗಿನ ಮನೆ ಕಂಪ್ಯೂಟರ್‌ನದು. 48 ಕೆಬಿ ಮೆಮೊರಿಯಲ್ಲಿ 20 ಗುಹೆಗಳು. ಡೌನ್‌ಲೋಡ್ ಮುಗಿದದ್ದೇ ಗೊತ್ತಾಗಲಿಲ್ಲ. ಜಾಗ ಕಡಿಮೆ ಇದ್ದಾಗ ತಲೆ ಜಾಸ್ತಿ ಓಡುತ್ತಿತ್ತು. ಆಗಿನ ಆಟಗಳೇ ಚೆನ್ನಾಗಿದ್ದವು. ಇಲ್ಲ ಅನ್ನುವವರು ಇದ್ದೀರಾ?

ಬೂಟ್‌ಡಿಸ್ಕ್:
ಇದ್ದೇನೆ. ನಿಮಗೆ ನೆನಪಿರುವುದು ಒಳ್ಳೆಯ ಆಟಗಳು ಮಾತ್ರ. ಉಳಿದ ರಾಶಿ ಎಲ್ಲಿ ಹೋಯಿತು? ಡಬ್ಬಿಯ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್, ಪರದೆ ಮೇಲೆ ನಾಲ್ಕು ಚೌಕ. ಇನ್ನು ನಿಮ್ಮ ಮ್ಯಾನಿಕ್ ಮೈನರ್‌ನ ಮುಂದಿನ ಭಾಗ, 1984ರ ಜೆಟ್ ಸೆಟ್ ವಿಲ್ಲಿ. ಅಟ್ಟದ ಕೋಣೆಗೆ ಒಮ್ಮೆ ಹೋದರೆ ಮೆಮೊರಿ ಕೆಡುತ್ತಿತ್ತು. ಆಮೇಲೆ ಬೇರೆ ಕೆಲವು ಕೋಣೆಗಳಿಗೆ ಕಾಲಿಟ್ಟರೆ ಸಾವೇ. ಪ್ರಕಟಿಸಿದವರು ಮೊದಲು ಹೇಳಿದ್ದೇನು ಗೊತ್ತಾ? ಆ ಕೋಣೆಗಳಲ್ಲಿ ವಿಷಗಾಳಿ ಇದೆ, ಬೇಕಂತಲೇ ಹಾಗೆ ಮಾಡಿದ್ದೇವೆ ಅಂತ! ಇವತ್ತು ಹೀಗೆ ಮಾಡಿದರೆ ಜನ ಬಿಡುತ್ತಾರಾ?

ಎಂಟನೇ_ಗ್ಯಾಲಕ್ಸಿ:
ವಿಷಗಾಳಿ ಕಥೆ ಸೂಪರ್. ಆದರೆ ಜಾಗದ ವಿಷಯದಲ್ಲಿ ನಾನು ಟೇಪ್‌ರಾಯರ ಕಡೆ. 1984ರ ಎಲೀಟ್ ತೆಗೆದುಕೊಳ್ಳಿ, ಬಾಹ್ಯಾಕಾಶದಲ್ಲಿ ವ್ಯಾಪಾರ ಮಾಡುವ ಆಟ. ಅದು ಬಂದದ್ದು ಬಿಬಿಸಿ ಮೈಕ್ರೋ ಅನ್ನುವ ಕಂಪ್ಯೂಟರ್‌ಗೆ, ಅದರಲ್ಲಿ ಇದ್ದದ್ದು 32 ಕೆಬಿ. ಅದರಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ. ಯಾವುದನ್ನೂ ಬರೆದಿಟ್ಟಿರಲಿಲ್ಲ. ಶುರುವಿಗೆ ಮೂರು ಸಂಖ್ಯೆ ಕೊಟ್ಟು, ಅವನ್ನು ಕೂಡುತ್ತಾ ಹೋಗಿ, ಗ್ರಹದ ಹೆಸರು, ಜಾಗ, ಸರ್ಕಾರ ಎಲ್ಲವನ್ನೂ ಬೇಕಾದಾಗ ಹುಟ್ಟಿಸುತ್ತಿದ್ದರು. ಅದೇ ಸಂಖ್ಯೆಯಿಂದ ಪ್ರತಿ ಸಲವೂ ಅದೇ ಗ್ರಹ. ಆಟ ಬರೆದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಇನ್ನೂ ಕೋಟಿಗಟ್ಟಲೆ ಗ್ಯಾಲಕ್ಸಿ ಇಡಬೇಕು ಅಂತಿದ್ದರು. ಪ್ರಕಟಿಸುವವರೇ ಬೇಡ, ಎಂಟು ಸಾಕು ಅಂದರು.

ಬೂಟ್‌ಡಿಸ್ಕ್:
ಅವರು ಅಂದದ್ದು ಸರಿ ಅಲ್ವಾ? ಅಷ್ಟೊಂದು ಗ್ರಹ ಇದ್ದರೆ ಎಲ್ಲವೂ ಒಂದೇ ಥರ ಅಂತ ಆಟಗಾರನಿಗೆ ಗೊತ್ತಾಗಿಬಿಡುತ್ತದೆ. ನೀವು ಹೊಗಳುತ್ತಿರುವುದು ಪ್ರೋಗ್ರಾಮರ್ ಜಾಣತನವನ್ನು. ಆಟವನ್ನಲ್ಲ.

ಎಂಟನೇ_ಗ್ಯಾಲಕ್ಸಿ:
ಆಟದ ಮಾತೇ ಬೇಕಾ? ಗಿರ್ರನೆ ತಿರುಗುವ ನಿಲ್ದಾಣದ ಸಣ್ಣ ಬಾಯಿಗೆ ಹಡಗನ್ನು ನುಗ್ಗಿಸಬೇಕು. ನಿಲ್ದಾಣ ತಿರುಗುವಷ್ಟೇ ವೇಗದಲ್ಲಿ ನೀವೂ ತಿರುಗಬೇಕು. ಗುರಿ ತಪ್ಪಿದರೆ ಢಮಾರ್. ಹಡಗಿನ ತುಂಬ ಸರಕು, ಸೇವ್ ಮಾಡಿದ್ದು ಯಾವಾಗಲೋ. ಬರೀ ಗೆರೆಗಳ ಚಿತ್ರ ನೋಡುತ್ತಾ ಅಂಗೈ ಬೆವರಿದ್ದು ಜಾಣತನ ನೋಡಿ ಅಲ್ಲ ಗುರುವೇ.

ನೆರಳುರಾಜ:
ಪ್ರಿನ್ಸ್ ಆಫ್ ಪರ್ಷಿಯಾ ಯಾರೂ ಎತ್ತಲೇ ಇಲ್ಲ! 1989, ಆಪಲ್ 2 ಕಂಪ್ಯೂಟರ್. ಆಟ ಬರೆದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದನ್ನು ನೋಡಿ ರಾಜಕುಮಾರನ ನಡಿಗೆ ಬರೆದರು. ಅದಕ್ಕೇ ಮೆಮೊರಿಯೆಲ್ಲ ಮುಗಿದುಹೋಯಿತು. ಇನ್ನೊಂದು ಪಾತ್ರದ ಚಿತ್ರಗಳಿಗೆ ಜಾಗವೇ ಇಲ್ಲ. ಕೊನೆಗೆ ರಾಜಕುಮಾರನ ಚಿತ್ರವನ್ನೇ ಸ್ವಲ್ಪ ಸರಿಸಿ, ಅದರ ಮೇಲೇ ಎಕ್ಸ್‌ಓಆರ್ ಮಾಡಿದರು, ಅಂದರೆ ಎರಡೂ ಚಿತ್ರಗಳಲ್ಲಿ ಒಂದೇ ಇರುವ ಚುಕ್ಕಿ ಅಳಿದು, ಬೇರೆ ಇರುವುದಷ್ಟೇ ಉಳಿಯುವ ಲೆಕ್ಕ. ಮಿನುಗುವ ನೆರಳುಮನುಷ್ಯ ಹುಟ್ಟಿದ! ಕನ್ನಡಿಯಿಂದ ಅವನು ಹೊರಗೆ ಹಾರಿದಾಗ ನಾನು ಕೀಬೋರ್ಡ್ ಬಿಟ್ಟು ಎದ್ದಿದ್ದೆ. ಬೂಟ್‌ಡಿಸ್ಕ್ ಅವರೇ, ಇಲ್ಲಿ ಕೊರತೆಯೇ ಆಟಕ್ಕೆ ಕಥೆ ಕೊಟ್ಟಿತು.

ಬೂಟ್‌ಡಿಸ್ಕ್:
ಇದನ್ನು ಒಪ್ಪುತ್ತೇನೆ. ಇದೊಂದನ್ನು ಮಾತ್ರ. ಸ್ಪೆಕ್ಟ್ರಮ್‌ನಲ್ಲಿ ಇದೇ ಕೊರತೆ ಏನು ಮಾಡಿತು? 8 ಗುಣಿಲೆ 8 ಚುಕ್ಕಿಯ ಚೌಕಕ್ಕೆ ಎರಡೇ ಬಣ್ಣ. ನಾಯಕ ಮರದ ಮುಂದೆ ಹೋದರೆ ಅವನಿಗೂ ಮರದ ಬಣ್ಣ.

ಟೇಪ್‌ರಾಯ:
ಹಾಗಾಗಿಯೇ ಇಡೀ ಪರದೆಗೆ 6,912 ಬೈಟ್ ಸಾಕಾಗುತ್ತಿತ್ತು. ಬಣ್ಣಕ್ಕೆ ಅದರಲ್ಲಿ ಬರೀ 768. ಉಳಿದ ಜಾಗ ಆಟಕ್ಕೆ ಸಿಕ್ಕಿತು. ಹಸಿರು ತಲೆಯ ನಾಯಕ ನನಗೆ ಓಕೆ.

ಡೇಟಾಲೈನ್:
ನೀವೆಲ್ಲ ಆಡಿದವರು. ನಾನು ಟೈಪ್ ಮಾಡಿದವಳು. ಪತ್ರಿಕೆಗಳಲ್ಲಿ ಬೇಸಿಕ್ ಭಾಷೆಯ ಪ್ರೋಗ್ರಾಮ್‌ಗಳನ್ನು ಪುಟಗಟ್ಟಲೆ ಅಚ್ಚು ಮಾಡುತ್ತಿದ್ದರಲ್ಲ, ಅವನ್ನು. ಅಣ್ಣ ಓದುವುದು, ನಾನು ಹೊಡೆಯುವುದು. ಚಿತ್ರಗಳ ಅಂಕಿಗಳಿರುವ ಡೇಟಾ ಸಾಲಿನಲ್ಲಿ ಒಂದು ಅಂಕಿ ತಪ್ಪಿದರೆ ರಾಕ್ಷಸನ ಕಾಲು ತಲೆ ಮೇಲೆ ಬರುತ್ತಿತ್ತು. ಆಟ ಮಾಮೂಲಿ. ಆದರೆ ಲೈಫ್ 3 ಅಂತ ಇದ್ದಲ್ಲಿ 99 ಹಾಕಿ ಓಡಿಸಿದಾಗ ಬಂದ ಖುಷಿ ಇದೆಯಲ್ಲ, ಅದು ಯಾವ ಆಟದಲ್ಲೂ ಬರಲಿಲ್ಲ. ಯಂತ್ರ ಆನ್ ಮಾಡಿದ ತಕ್ಷಣ ಪ್ರೋಗ್ರಾಮ್ ಬರೆಯಲು ಜಾಗ ಕಾಣುತ್ತಿತ್ತು. ಈಗ ಕಾಣುವುದು ಜಾಹೀರಾತು.

ನೆರಳುರಾಜ:
ಅಕ್ಕಾ, ಈಗಿನ ಮಕ್ಕಳಿಗೂ ಪ್ರೋಗ್ರಾಮ್ ಬರೆಯಲು ಸ್ಕ್ರ್ಯಾಚ್ ಇದೆ. ಗೋಡೋ ಥರದ ಗೇಮ್ ಎಂಜಿನ್‌ಗಳು ಪುಕ್ಕಟೆ. ಅವರ ದಾರಿ ಇನ್ನೂ ಸುಲಭ.

ಡೇಟಾಲೈನ್:
ಇದೆಯಪ್ಪಾ, ಬೇಡ ಅಂದೆನಾ? ಆದರೆ ಹುಡುಕಿಕೊಂಡು ಹೋಗಬೇಕು. ನಾವು ಹುಡುಕಿಕೊಂಡು ಹೋಗಿರಲಿಲ್ಲ, ಎದುರಿಗೇ ಇತ್ತು. ಆಟ ಬೇಕು ಅಂದರೆ ಲೋಡ್ ಅಂತಾದರೂ ಹೊಡೆಯಬೇಕಿತ್ತಲ್ಲ.

ಹೊಸಬ:
ನಡುವೆ ಬಂದದ್ದಕ್ಕೆ ಬೇಜಾರಾಗಬೇಡಿ. ಇದನ್ನೆಲ್ಲ ಓದಿ ಡಾಸ್‌ಬಾಕ್ಸ್‌ನಲ್ಲಿ, ಅಂದರೆ ಹಳೆಯ ಪಿಸಿಯ ಎಮ್ಯುಲೇಟರ್‌ನಲ್ಲಿ, ಹಳೆಯ ಆಟವೊಂದನ್ನು ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತು ಹೋಗುತ್ತಿದ್ದೇನೆ. ಆಗಿನವರು ಇಷ್ಟು ವೇಗವಾಗಿ ಆಡುತ್ತಿದ್ದರಾ?

ಬೂಟ್‌ಡಿಸ್ಕ್:
ಇಲ್ಲಪ್ಪ. ಮೊದಲ ಐಬಿಎಂ ಪಿಸಿ ಓಡುತ್ತಿದ್ದದ್ದು 4.77 ಮೆಗಾಹರ್ಟ್ಸ್‌ನಲ್ಲಿ. ಎಷ್ಟೋ ಆಟಗಳು ಗಡಿಯಾರ ನೋಡುತ್ತಲೇ ಇರಲಿಲ್ಲ, ಪ್ರೊಸೆಸರ್ ಎಷ್ಟು ಜೋರೋ ಆಟವೂ ಅಷ್ಟು ಜೋರು. ಆಮೇಲಿನ ಪಿಸಿಗಳಲ್ಲಿ ಟರ್ಬೊ ಬಟನ್ ಇಟ್ಟದ್ದೇ ಬೇಕಾದಾಗ ನಿಧಾನ ಮಾಡಲು. ಡಾಸ್‌ಬಾಕ್ಸ್‌ನಲ್ಲಿ ವೇಗ ಹೊಂದಿಸಲು ಸೈಕಲ್ಸ್ ಅಂತ ಇದೆ, ಇಳಿಸುತ್ತಾ ಬನ್ನಿ.

ಟೇಪ್‌ರಾಯ:
ಬೂಟ್‌ಡಿಸ್ಕ್ ಅವರೇ, ಇಷ್ಟು ಬೈದವರು ನೀವೂ ಮ್ಯಾನಿಕ್ ಮೈನರ್ ಒಂದು ಸಲ ಹಾಕಿ ನೋಡಿ.

ಬೂಟ್‌ಡಿಸ್ಕ್:
ಆಗಲೇ ಹಾಕಿದ್ದೇನೆ. ಮೂರನೇ ಗುಹೆಯಲ್ಲಿದ್ದೇನೆ. ಈ ಸಂಗೀತ ನಿಲ್ಲಿಸುವುದು ಹೇಗೆ ಹೇಳಿ ಮಾರಾಯರೇ, ತಲೆ ಚಿಟ್ಟು ಹಿಡಿಯುತ್ತಿದೆ.

ಟೇಪ್‌ರಾಯ:
ಹೆಚ್‌ನಿಂದ ಎಂಟರ್‌ವರೆಗಿನ ಯಾವುದಾದರೂ ಕೀ ಒತ್ತಿ.