ಐತ್ ಬೆನ್ ಹದ್ದೂ ಗೋಡೆಯ ತೂತುಗಳು ಬಂದೂಕಿಗಾ?

ಅಲೆಮಾರಿ:
ಮೊರಾಕೊದ ಐತ್ ಬೆನ್ ಹದ್ದೂ ಕೋಟೆ ನೋಡಿ ಬಂದೆ. ಊನಿಲಾ ನದಿ ದಾಟಿದರೆ ಗುಡ್ಡದ ಮೈತುಂಬ ಕೆಂಪು ಮಣ್ಣಿನ ಮನೆಗಳು. ಗೋಡೆಗಳಲ್ಲಿ ಸಾಲಾಗಿ ಸಣ್ಣ ತೂತುಗಳಿದ್ದವು. ಗೈಡ್ "ಬಂದೂಕಿನ ಕಿಂಡಿ" ಅಂದ. ಆದರೆ ಒಂದು ತೂತು ನನ್ನ ಮೊಣಕಾಲಿನ ಮಟ್ಟದಲ್ಲಿತ್ತು, ಇನ್ನೊಂದರ ಎದುರಿಗೇ ಪಕ್ಕದ ಮನೆಯ ಗೋಡೆ. ಅಲ್ಲಿಂದ ಯಾರಿಗೆ ಗುಂಡು ಹಾರಿಸೋದು? ಸಾವಿರ ವರ್ಷದ ಕೋಟೆ ಅಂತಲೂ ಹೇಳಿದ. ಎರಡೂ ನಿಜಾನಾ?

ಗಾರೆ ಕೈ:
ಬಂದೂಕಿಗೂ ಅದಕ್ಕೂ ಸಂಬಂಧವೇ ಇಲ್ಲ ರೀ. ಅದು ಸೆಂಟ್ರಿಂಗ್ ಗುರುತು. ಅಡ್ಡ ಕೋಲುಗಳ ಮೇಲೆ ಎರಡು ಹಲಗೆ ಎದುರುಬದುರು ನಿಲ್ಲಿಸಿ, ನಡುವೆ ಮಣ್ಣು ಸುರಿದು ಗುದ್ದುತ್ತಾರೆ. ಮಣ್ಣಲ್ಲಿ ತೇವ ಸ್ವಲ್ಪವೇ ಇರಬೇಕು. ಕೆಸರಾದರೆ ಒಣಗುವಾಗ ಬಿರುಕು ಬಿಡುತ್ತದೆ. ಒಂದು ವರಸೆ ಗಟ್ಟಿಯಾದ ಮೇಲೆ ಹಲಗೆ ಬಿಚ್ಚಿ, ಕೋಲು ಎಳೆದುಕೊಂಡು ಮುಂದೆ ಹೋಗುತ್ತಾರೆ. ಕೋಲು ಇದ್ದ ಜಾಗ ತೂತಾಗಿ ಉಳಿಯುತ್ತದೆ.

ಬುರುಜುಗಳ ಮೇಲ್ಭಾಗದ ಚಿತ್ತಾರ ನೋಡಿದ್ರಾ? ಅದು ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಗುದ್ದಿದ ಮಣ್ಣಿನಲ್ಲಿ ಅಷ್ಟು ನಾಜೂಕು ಕೆಲಸ ಬರಲ್ಲ.

ಅಲ್ಲಿ ಮಳೆ ಅಪರೂಪ, ಆದರೆ ಬಂದಾಗ ಗೋಡೆಯನ್ನು ನೆತ್ತಿಯಿಂದಲೇ ಕೊರೆಯುತ್ತದೆ. ಮನೆಯಲ್ಲಿ ಜನ ಇದ್ದರೆ ಆಗಾಗ ಒಂದು ಕೈ ಮಣ್ಣು ಮೆತ್ತುತ್ತಾರೆ. ಈಗ ಹೆಚ್ಚಿನವರು ನದಿಯಾಚೆಯ ಹೊಸ ಊರಿಗೆ ಹೋಗಿದ್ದಾರಲ್ಲ, ಮೆತ್ತೋರು ಯಾರು? ಸಾಲದ್ದಕ್ಕೆ 2023ರ ಸೆಪ್ಟೆಂಬರ್ ಭೂಕಂಪದಲ್ಲೂ ಹಾನಿಯಾಯಿತು.

ಹಳೇ ನಕ್ಷೆ:
ಸಾವಿರ ವರ್ಷ ಜಾಸ್ತಿಯಾಯ್ತು! ಯುನೆಸ್ಕೋ 1987ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ನಿಂತಿರುವ ಕಟ್ಟಡಗಳಲ್ಲಿ ತುಂಬ ಹಳೆಯವೂ 17ನೇ ಶತಮಾನಕ್ಕಿಂತ ಹಿಂದಿನವಲ್ಲ ಅಂತ ಅದರ ಅಂದಾಜು. ಇನ್ನೊಂದು ಮಾತು, ಅಲ್ಲಿಯವರು ಇದನ್ನು 'ಕ್ಸಾರ್' ಅಂತಾರೆ. ಸುತ್ತ ಗೋಡೆ ಕಟ್ಟಿಕೊಂಡ ಇಡೀ ಊರು ಅಂತ ಅರ್ಥ. ಬುರುಜುಗಳಿರುವ ಒಂದೇ ದೊಡ್ಡ ಮನೆಯಾದರೆ ಅದು 'ಕಸ್ಬಾ'. ಸಹಾರಾದಿಂದ ಮರ್ರಾಕೇಶ್‌ಗೆ ಹೋಗುವ ಒಂಟೆಗಳ ದಾರಿ ಇದೇ ಕಣಿವೆಯಲ್ಲಿತ್ತು. ಗುಡ್ಡದ ತುದಿಗೆ ಹತ್ತಿದ್ರಾ? ಅಲ್ಲಿ ಅರಮನೆ ಇರುತ್ತೆ ಅಂದುಕೊಂಡು ಹೋದರೆ ಸಿಗೋದು ಹಾಳುಬಿದ್ದ ಕಣಜ. ಕಾಳು ಕಾಯೋಕೆ ಅಷ್ಟು ಎತ್ತರ!

ಅಲೆಮಾರಿ:
ಹತ್ತಿದ್ದೆ. ಕಾವಲುಗೋಪುರ ಅಂದುಕೊಂಡು ಫೋಟೋ ಬೇರೆ ತೆಗೆಸಿಕೊಂಡೆ! ಗಾರೆ ಕೈ ಅವರೇ, ನಿಮ್ಮ ಉತ್ತರ ಓದಿ ಗೋಡೆಯ ಫೋಟೋ ದೊಡ್ಡದು ಮಾಡಿ ನೋಡಿದೆ. ತೂತುಗಳು ಸಮ ಅಂತರದಲ್ಲಿ, ವರಸೆಗೊಂದು ಸಾಲು. ಒಂದರಲ್ಲಿ ಮುರಿದ ಕೋಲಿನ ತುಂಡು ಇನ್ನೂ ಸಿಕ್ಕಿಕೊಂಡಿದೆ. ಅವತ್ತು ಅದನ್ನ ಕಸ ಅಂದುಕೊಂಡು ಕೀಳೋಕೆ ಹೋಗಿದ್ದೆ, ಬರಲಿಲ್ಲ.